ತರಗತಿ ಒಂದೇ, ತಲುಪುವ ದಾರಿ ಬೇರೆ

ಆರ್.ಟಿ. ನಗರದ ಜೆರಾಕ್ಸ್ ಅಂಗಡಿಗಳಿಗೆ ಕಾಲೇಜು ವಿದ್ಯಾರ್ಥಿಗಳೇ ದೊಡ್ಡ ಗಿರಾಕಿಗಳು. ಒಬ್ಬನಿಗೆ ಪ್ರಾಜೆಕ್ಟ್ ವರದಿ ಟೈಪ್ ಮಾಡಿಸಬೇಕು, ಇನ್ನೊಬ್ಬಳಿಗೆ ಪರೀಕ್ಷೆಯ ಅರ್ಜಿ ತುಂಬಿಸಬೇಕು. ಮನೆಯಲ್ಲೇ ಕಂಪ್ಯೂಟರ್ ಇರುವ ಸಹಪಾಠಿಗೆ ಇವೆರಡಕ್ಕೂ ಕಾಸು ಖರ್ಚಿಲ್ಲ, ಕಾಯುವುದೂ ಇಲ್ಲ.

ಈ ಅಂತರ ಎಷ್ಟು ದೊಡ್ಡದೆಂಬುದು 2020ರ ಮಾರ್ಚ್ 25ರಿಂದ ಲಾಕ್‌ಡೌನ್ ಜಾರಿಯಾದಾಗ ಎಲ್ಲರಿಗೂ ಅರಿವಾಯಿತು. ಬಾಡಿಗೆ ಕೋಣೆ, ಪಿ.ಜಿ.ಗಳಲ್ಲಿದ್ದ ವಿದ್ಯಾರ್ಥಿಗಳು ಊರಿಗೆ ಮರಳಿದರು. ಪಾಠಗಳು ಮೊಬೈಲಿಗೆ ಬಂದವು. ಮಲೆನಾಡಿನಲ್ಲಿ ಸಿಗ್ನಲ್ ಹುಡುಕಿ ಗುಡ್ಡ ಹತ್ತಬೇಕಾಯಿತು. ಗೋಪುರದಿಂದ ಹೊರಟ ರೇಡಿಯೊ ಅಲೆಗಳಿಗೆ ಗುಡ್ಡವೇ ಅಡ್ಡಗೋಡೆಯಲ್ಲವೇ! 2021ರ ಜೂನ್‌ನಲ್ಲಿ ಸುಳ್ಯ ತಾಲ್ಲೂಕಿನ ರಸ್ತೆ ಬದಿಯಲ್ಲಿ, ಸುರಿಯುವ ಮಳೆಯಲ್ಲಿ, ಪಾಠ ಕೇಳುತ್ತಿದ್ದ ಮಗಳಿಗೆ ತಂದೆ ಕೊಡೆ ಹಿಡಿದ ಚಿತ್ರ ದೇಶದ ಗಮನ ಸೆಳೆಯಿತು.

2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ದೇಶದ ನಗರಗಳಲ್ಲಿ 100 ಮನೆಗಳ ಪೈಕಿ ಸುಮಾರು 23ರಲ್ಲಿ ಕಂಪ್ಯೂಟರ್ ಇತ್ತು. ಹಳ್ಳಿಗಳಲ್ಲಿ 4ರಲ್ಲಿ ಮಾತ್ರ. ಇಂಟರ್‌ನೆಟ್ ಸೌಲಭ್ಯ ನಗರದಲ್ಲಿ 42, ಹಳ್ಳಿಯಲ್ಲಿ 15 ಮನೆಗಳಿಗಿತ್ತು.

ಒಂದು ಸರಳ ಲೆಕ್ಕ

"ಮಗನ ಕೈಯಲ್ಲಿ ಮೊಬೈಲ್ ಇದೆಯಲ್ಲ" ಎನ್ನುವ ಪೋಷಕರಿದ್ದಾರೆ. ಲೆಕ್ಕ ಹಾಕಿ ನೋಡೋಣ. ವಿಡಿಯೊ ಪಾಠಕ್ಕೆ ಸೆಕೆಂಡಿಗೆ 1 ಮೆಗಾಬಿಟ್ ಬೇಕೆಂದು ಇಟ್ಟುಕೊಂಡರೆ ಒಂದು ಗಂಟೆಗೆ 3600 ಮೆಗಾಬಿಟ್. 8 ಬಿಟ್‌ಗಳಿಗೆ ಒಂದು ಬೈಟ್. ಅಂದರೆ 450 ಮೆಗಾಬೈಟ್. ದಿನಕ್ಕೆ 1.5 ಜಿ.ಬಿ.ಯ ಪ್ಯಾಕ್ ಮೂರು ತರಗತಿಗಳಿಗೇ ಮುಗಿಯಿತು! ಅದೇ ಮೊಬೈಲನ್ನು ಅಣ್ಣ ತಂಗಿ ಹಂಚಿಕೊಂಡರೆ ಒಬ್ಬರ ಪಾಠ ತಪ್ಪಿತೆಂದೇ ಅರ್ಥ. ಇನ್ನು ಅಂಗೈಯಗಲದ ಪರದೆಯಲ್ಲಿ ನಲವತ್ತು ಪುಟಗಳ ವರದಿ ಬರೆಯುವುದು ಎಷ್ಟು ಕಷ್ಟವೆಂದು ಬರೆದವರೇ ಬಲ್ಲರು.

ರಾಜ್ಯ ಸರ್ಕಾರ 2021ರ ಜೂನ್‌ನಲ್ಲಿ ಸರ್ಕಾರಿ ಪದವಿ, ಎಂಜಿನಿಯರಿಂಗ್ ಹಾಗೂ ಪಾಲಿಟೆಕ್ನಿಕ್ ಕಾಲೇಜುಗಳ ಸುಮಾರು 1.55 ಲಕ್ಷ ವಿದ್ಯಾರ್ಥಿಗಳಿಗೆ ಟ್ಯಾಬ್ಲೆಟ್ ನೀಡುವ ಯೋಜನೆಗೆ ಚಾಲನೆ ಕೊಟ್ಟಿತು. ಇದು ಒಳ್ಳೆಯ ಹೆಜ್ಜೆಯೇ. ಆದರೆ ಖಾಸಗಿ ಕಾಲೇಜಿನಲ್ಲಿ ಓದುವ ಬಡ ಮಕ್ಕಳು ಅದರಿಂದ ಹೊರಗುಳಿದರು. ಸಿಗ್ನಲ್ ಇಲ್ಲದ ಊರಿನಲ್ಲಿ ಟ್ಯಾಬ್ಲೆಟ್ ಇದ್ದೂ ಪ್ರಯೋಜನ ಅಷ್ಟಕ್ಕಷ್ಟೆ. ಇಂಟರ್‌ನೆಟ್ ಬಳಕೆ ಶಿಕ್ಷಣದ ಹಕ್ಕಿನ ಭಾಗವೆಂದು ಕೇರಳ ಹೈಕೋರ್ಟ್ 2019ರಲ್ಲೇ ಹೇಳಿತ್ತು.

ಈಗ ತರಗತಿಗಳು ಮತ್ತೆ ಕೋಣೆಯೊಳಗೆ ನಡೆಯುತ್ತಿವೆ. ಅರ್ಜಿ, ಫಲಿತಾಂಶ, ಟಿಪ್ಪಣಿಗಳು ಮಾತ್ರ ಪರದೆಯ ಮೇಲೆಯೇ ಉಳಿದಿವೆ. ಆದ್ದರಿಂದ ಕಾಲೇಜಿಗೆ ಸೇರಿಸುವಾಗ ಪೋಷಕರು ಶುಲ್ಕದ ಜೊತೆಗೆ ಇನ್ನೊಂದು ಪ್ರಶ್ನೆ ಕೇಳಬೇಕು: ಪಾಠ ಮುಗಿದ ಮೇಲೂ ಕಂಪ್ಯೂಟರ್ ಕೋಣೆ, ಗ್ರಂಥಾಲಯ ತೆರೆದಿರುತ್ತವೆಯೇ? ಆ ಬಾಗಿಲು ಸಂಜೆ ಎರಡು ಗಂಟೆ ತೆರೆದಿದ್ದರೂ ಸಾಕು, ಲ್ಯಾಪ್‌ಟಾಪ್ ಕೊಳ್ಳಲಾಗದ ವಿದ್ಯಾರ್ಥಿ ತನ್ನ ವರದಿಯನ್ನು ತಾನೇ ಬರೆದಾನು.