ಅವಳಿಗಳಿಗೆ ಹೆಸರಿಡುವ ಮುನ್ನ ಒಮ್ಮೆ ಕೂಗಿ ನೋಡಿ

ನಿವೃತ್ತಿಯಾದ ಮೇಲೂ ಊರವರು ನನ್ನನ್ನು ಬಿಟ್ಟಿಲ್ಲ. ಯಾರ ಮನೆಯಲ್ಲಿ ಮಗು ಹುಟ್ಟಿದರೂ ‘ಟೀಚರಮ್ಮ, ಒಂದೊಳ್ಳೆ ಹೆಸರು ಹೇಳಿ’ ಅಂತ ಬರುತ್ತಾರೆ. ಅರಸೀಕೆರೆ ಸೀಮೆಯ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯ ಹಾಜರಿ ಕೂಗಿಕೊಂಡೇ ನೌಕರಿ ಮುಗಿಸಿದವಳು ನಾನು. ಹೆಸರುಗಳ ದಾಸ್ತಾನೇ ನನ್ನಲ್ಲಿದೆ ಅನ್ನುವುದು ಅವರ ನಂಬಿಕೆ. ಒಂದೇ ಮಗುವಾದರೆ ಕಾಫಿ ಕುಡಿದು ಲೋಟ ಇಡುವುದರೊಳಗೆ ಮಾತು ಮುಗಿಯುತ್ತದೆ. ಅವಳಿ-ಜವಳಿಯಾದರೆ ಮಾತ್ರ ಮನೆಮಂದಿಯೆಲ್ಲ ಪಟ್ಟಿ ಹಿಡಿದು ಬರುತ್ತಾರೆ. ಪಟ್ಟಿಯಲ್ಲಿ ಹರ್ಷಿತ್-ಹರ್ಷಿಲ್, ತನ್ವಿ-ತನ್ವಿಕಾ, ಸುಹಾಸ್-ಸುಹಾನ್. ‘ಹೆಂಗಿದೆ ಟೀಚರಮ್ಮ, ಪ್ರಾಸ?’

ಒಂದೇ ಅಕ್ಷರ ಹಿಡಿಯುವುದು ಬರೀ ಫ್ಯಾಷನ್ ಅಲ್ಲ, ಪಂಚಾಂಗದ ಲೆಕ್ಕವೂ ಹೌದು. ನಕ್ಷತ್ರ 27, ಒಂದೊಂದಕ್ಕೆ ನಾಲ್ಕು ಪಾದ, ಒಟ್ಟು 108 ಅಕ್ಷರ. ಚಂದ್ರ ಒಂದು ನಕ್ಷತ್ರದಲ್ಲಿ ಹೆಚ್ಚುಕಡಿಮೆ ಒಂದು ದಿನ ಇರುತ್ತಾನೆ, ಅಂದರೆ ಒಂದು ಪಾದಕ್ಕೆ ಸುಮಾರು 6 ಗಂಟೆ. ಸಿಸೇರಿಯನ್‌ನಲ್ಲಿ ಎರಡನೇ ಮಗು ಒಂದೆರಡು ನಿಮಿಷದಲ್ಲೇ ಬಂದುಬಿಡುತ್ತದೆ. ಹಾಗಾಗಿ ಇಬ್ಬರಿಗೂ ಬಹುಪಾಲು ಅದೇ ಪಾದ, ಅದೇ ಅಕ್ಷರ. ಪಾದ ಬದಲಾಗುವ ಗಳಿಗೆಯಲ್ಲೇ ಹೆರಿಗೆಯಾದರೆ ಮಾತ್ರ ಅಣ್ಣನಿಗೊಂದು ಅಕ್ಷರ, ತಮ್ಮನಿಗೊಂದು ಅಕ್ಷರ ಬಂದೀತು.

ಅಕ್ಷರ ‘ವಾ’ ಬಂದರೆ ಸರಿ. ಆದರೆ ಆರ್ದ್ರಾ ನಕ್ಷತ್ರದ ಅಕ್ಷರಗಳು ಕು, ಘ, ಙ, ಛ. ಹಸ್ತದವು ಪು, ಷ, ಣ, ಠ. ‘ಙ’ದಿಂದ ಒಂದು ಹೆಸರು ಹುಡುಕಲು ಹೊರಟರೇ ತಲೆ ಕೆಡುತ್ತದೆ, ಇನ್ನು ಎರಡೆಂದರೆ! ನಮ್ಮ ಪುರೋಹಿತರು ಇದಕ್ಕೆ ಹಿಂದಿನಿಂದಲೂ ದಾರಿ ಇಟ್ಟಿದ್ದಾರೆ. ನಕ್ಷತ್ರದ ಹೆಸರು ಸಂಕಲ್ಪಕ್ಕೆ, ಜಾತಕಕ್ಕೆ. ಕರೆಯುವ ಹೆಸರು ಬೇರೆ. ಹಾಗಿರುವಾಗ ಅವಳಿಗಳಿಗೆ ಒಂದೇ ಅಕ್ಷರದಿಂದ ಕರೆಯುವ ಹೆಸರಿಡಲೇಬೇಕೆಂಬ ಕಟ್ಟುಪಾಡೇನೂ ಇಲ್ಲ. ಇಡದಿರುವುದೇ ಒಳ್ಳೆಯದು ಅನ್ನುತ್ತೇನೆ ನಾನು.

ಯಾಕೆಂದರೆ ಅದರ ಪಾಡು ಹಾಜರಿ ಪುಸ್ತಕದಲ್ಲಿ ಕಂಡಿದ್ದೇನೆ. ನನ್ನ ತರಗತಿಯಲ್ಲಿ ಒಮ್ಮೆ ಇಬ್ಬರು ಅವಳಿ ಹುಡುಗಿಯರಿದ್ದರು. ಹೆಸರಿನಲ್ಲಿ ಕೊನೆಯ ಒಂದಕ್ಷರವಷ್ಟೇ ಬೇರೆ. ಇನಿಷಿಯಲ್ ಅದೇ, ಅಪ್ಪನ ಹೆಸರು ಅದೇ, ಹುಟ್ಟಿದ ತಾರೀಕು ಅದೇ. ಒಬ್ಬಳ ಹೆಸರು ಕೂಗಿದರೆ ಇಬ್ಬರೂ ‘ಪ್ರೆಸೆಂಟ್ ಮಿಸ್’. ಒಂದು ದಿನ ದೊಡ್ಡವಳು ಜ್ವರ ಬಂದು ಮನೆಯಲ್ಲೇ ಉಳಿದಳು. ಚಿಕ್ಕವಳು ರೂಢಿಯಂತೆ ಎರಡು ಹೆಸರಿಗೂ ಓಗೊಟ್ಟಳು. ‘ನಿಮ್ಮಕ್ಕ ಎಲ್ಲೇ?’ ಅಂದರೆ, ‘ಬಂದಿಲ್ಲ ಮಿಸ್, ಆದ್ರೆ ನಾನು ಬಂದಿದೀನಲ್ಲ’ ಅಂದಳು.

ಅವಳಿ ಮಕ್ಕಳು ಹೊಟ್ಟೆ ಹಂಚಿಕೊಂಡು ಬಂದವರು. ಆಮೇಲೆ ಮಂಚ, ಅಂಗಿ, ಹುಟ್ಟುಹಬ್ಬದ ಕೇಕು, ಎಲ್ಲವನ್ನೂ ಹಂಚಿಕೊಳ್ಳುತ್ತಾರೆ. ಪಾಲಿಲ್ಲದೆ ಸಿಗುವ ಮೊದಲ ಆಸ್ತಿ ಹೆಸರು. ಅದನ್ನೂ ಅರ್ಧರ್ಧ ಮಾಡಿ ಕೊಡಬಾರದು.

ಅದಕ್ಕೇ ಬಂದವರಿಗೆ ಹೇಳುತ್ತೇನೆ, ಪಟ್ಟಿಯನ್ನು ಕಣ್ಣಲ್ಲಿ ನೋಡಬೇಡಿ, ಹಿತ್ತಿಲಲ್ಲಿ ನಿಂತು ಕೂಗಿ ನೋಡಿ. ನಾವು ಕರೆಯುವಾಗ ಕೊನೆಯ ಸ್ವರವನ್ನು ಎಳೆಯುತ್ತೇವೆ. ದೂರಕ್ಕೆ ಆ ಎಳೆತವೇ ಕೇಳಿಸುತ್ತದೆ. ‘ಹರ್ಷಿತಾ…’ ‘ಹರ್ಷಿಕಾ…’ ಎಂದು ಕೂಗಿದರೆ ಬೀದಿಯ ಆ ತುದಿಗೆ ತಲುಪುವುದು ಬರೀ ‘ಆ’. ಮನೆಯೊಳಗೆ ಇನ್ನೊಂದು ಫಜೀತಿ. ಮುದ್ದಿಗೆ ನಾವು ಹೆಸರಿನ ತಲೆಯನ್ನಷ್ಟೇ ಉಳಿಸಿಕೊಳ್ಳುತ್ತೇವೆ. ಸುಹಾಸನೂ ‘ಸುಹಿ’, ಸುಹಾನನೂ ‘ಸುಹಿ’. ಕೊನೆಗೆ ಅಜ್ಜಿ ಬೇಸತ್ತು ‘ದೊಡ್ಡು’, ‘ಚಿಕ್ಕು’ ಅನ್ನಲು ಶುರುಮಾಡುತ್ತಾರೆ. ಎರಡು ನಿಮಿಷ ಮುಂಚೆ ಹುಟ್ಟಿದ್ದಕ್ಕೆ ಹುಡುಗ ಜೀವನಪೂರ್ತಿ ದೊಡ್ಡು!

ಜೋಡಿ ಹೆಸರೇ ಬೇಕು ಅನ್ನುವವರಿಗೆ ಹಳಬರ ಜಾಣತನ ನೆನಪಿಸುತ್ತೇನೆ. ರಾಮ-ಲಕ್ಷ್ಮಣ, ಲವ-ಕುಶ, ನಕುಲ-ಸಹದೇವ, ಗಂಗಾ-ಗೌರಿ. ಜೋಡಿ ಅರ್ಥದಲ್ಲಿದೆ, ಸದ್ದಿನಲ್ಲಿ ಬಹುಪಾಲು ಬೇರೆ ಬೇರೆ. ಮೈಸೂರಿನ ಕೊನೆಯ ದಿವಾನರಾದ ಆರ್ಕಾಟ್ ರಾಮಸ್ವಾಮಿ ಮೊದಲಿಯಾರ್ 1887ರಲ್ಲಿ ಅವಳಿಯಾಗಿ ಹುಟ್ಟಿದವರು. ಜೊತೆಯವರು ಲಕ್ಷ್ಮಣಸ್ವಾಮಿ, ಹೆಸರಾಂತ ಪ್ರಸೂತಿ ವೈದ್ಯರು, ಮದ್ರಾಸ್ ವಿಶ್ವವಿದ್ಯಾಲಯಕ್ಕೆ 27 ವರ್ಷ ಕುಲಪತಿ. ಹೆಸರಿನ ಬಾಲ ಒಂದೇ ಆದರೂ ತಲೆ ಬೇರೆಯಿತ್ತು. ತಮಾಷೆಯೆಂದರೆ ರಾಮಾಯಣದಲ್ಲಿ ರಾಮ-ಲಕ್ಷ್ಮಣರು ಅವಳಿಗಳೇ ಅಲ್ಲ. ಸುಮಿತ್ರೆಯ ಅವಳಿಗಳು ಲಕ್ಷ್ಮಣ-ಶತ್ರುಘ್ನರು. ಒಬ್ಬ ರಾಮನ ಹಿಂದೆ ಹೋದ, ಇನ್ನೊಬ್ಬ ಭರತನ ಹಿಂದೆ.

ಗಂಡು-ಹೆಣ್ಣು ಅವಳಿಗೆ ಉತ್ಸಾಹದಲ್ಲಿ ‘ರಾಧಾ-ಕೃಷ್ಣ’ ಅಂದುಬಿಡುವವರಿದ್ದಾರೆ. ಅಣ್ಣ-ತಂಗಿಗೆ ಅದು ಆದೀತೇ? ಕೃಷ್ಣ-ಸುಭದ್ರೆ ಇದ್ದಾರೆ. ಶ್ರವಣಬೆಳಗೊಳ ನಮ್ಮ ಜಿಲ್ಲೆಯಲ್ಲೇ ಇದೆ. ಅಲ್ಲಿನ ಬಾಹುಬಲಿ ಮತ್ತು ಅವನ ಸೋದರಿ ಸುಂದರಿಯ ಜೋಡಿಯೂ ಇದೆ, ಜೈನ ಪುರಾಣದಲ್ಲಿ ಇಬ್ಬರೂ ಸುನಂದೆಯ ಮಕ್ಕಳು.

ಎಲ್ಲಕ್ಕಿಂತ ಕಷ್ಟದ್ದು ಬೀಗರ ಪಂಚಾಯಿತಿ. ‘ಒಂದಕ್ಕೆ ನಮ್ಮ ಕಡೆ ಹೆಸರು, ಒಂದಕ್ಕೆ ನಿಮ್ಮ ಕಡೆ’ ಎಂಬ ಒಪ್ಪಂದ ಕೇಳಲು ನ್ಯಾಯವಾಗಿಯೇ ಇರುತ್ತದೆ. ಒಂದು ಮಗುವಿಗೆ ಅಪ್ಪನ ತಂದೆಯ ಹೆಸರು, ಇನ್ನೊಂದಕ್ಕೆ ಅಮ್ಮನ ತವರಿನ ಮನೆದೇವರು. ಆಮೇಲೆ ಉಡುಗೊರೆ ತರುವಾಗಲೂ ‘ನಮ್ಮ ಮಗು’, ‘ಅವರ ಮಗು’ ಎಂದು ಹಂಚಿಹೋಗುತ್ತದೆ. ಹಿರಿಯರ ಹೆಸರಿಡುವುದಿದ್ದರೆ ಇಬ್ಬರಿಗೂ ಎರಡು ಕಡೆಯದನ್ನೂ ಹಿಂದೆ-ಮುಂದೆ ಸೇರಿಸಿ, ಕರೆಯಲು ಹೊಸದಿಡಿ.

ಕಾಗದಪತ್ರಗಳ ವಿಷಯಕ್ಕೆ ಬಂದರೆ ಹೆಸರಿನ ಬೆಲೆ ಇನ್ನೂ ಹೆಚ್ಚು. ಅವಳಿಗಳಾದರೂ ಜನನ ನೋಂದಣಿ ಒಬ್ಬೊಬ್ಬರಿಗೆ ಪ್ರತ್ಯೇಕ. ಹುಟ್ಟಿದ 21 ದಿನದೊಳಗೆ ಮಾಹಿತಿ ಕೊಡಬೇಕು. ಆದರೆ ಅಷ್ಟರಲ್ಲೇ ಹೆಸರು ಗೊತ್ತುಮಾಡಬೇಕೆಂದಿಲ್ಲ. ನೋಂದಣಿಯಾಗಿ 12 ತಿಂಗಳವರೆಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು, ಆಮೇಲೆ ತಡದ ಶುಲ್ಕ ಕಟ್ಟಿ 15 ವರ್ಷದವರೆಗೂ ಸಾಧ್ಯ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಶಾಲೆಗೆ ಸೇರುವಾಗ, ಮುಂದೆ ಮತದಾರರ ಪಟ್ಟಿಗೆ, ಡ್ರೈವಿಂಗ್ ಲೈಸೆನ್ಸಿಗೆ ಜನನ ಪ್ರಮಾಣಪತ್ರವೇ ಮುಖ್ಯ ದಾಖಲೆ. ಐದು ವರ್ಷದೊಳಗಿನ ಮಕ್ಕಳ ಆಧಾರ್‌ಗೆ ಬೆರಳಚ್ಚು ತೆಗೆದುಕೊಳ್ಳುವುದಿಲ್ಲ. ತದ್ರೂಪಿ ಅವಳಿಗಳ ಫೋಟೋ ನೋಡಿ ಯಾರು ಯಾರೆಂದು ಹೇಳುವುದು ಹೆತ್ತವಳಿಗೇ ಕಷ್ಟ. ಊರು, ತಾರೀಕು, ಅಪ್ಪ-ಅಮ್ಮ ಎಲ್ಲವೂ ಒಂದೇ ಆದಾಗ ಕೌಂಟರಿನಲ್ಲಿ ಕೂತವರ ಕಣ್ಣಿಗೆ ಬೀಳುವ ವ್ಯತ್ಯಾಸ ಹೆಸರೊಂದೇ.

ಆದ್ದರಿಂದ ಅವಸರ ಬೇಡ. ತೊಟ್ಟಿಲ ಶಾಸ್ತ್ರಕ್ಕೆ ಮುಂಚೆ ಎರಡೂ ಹೆಸರನ್ನು ಮನೆಯವರೆಲ್ಲ ನಾಲ್ಕು ದಿನ ಕರೆದು ನೋಡಿ. ಕಿವಿ ಮಂದವಾದ ಅಜ್ಜನಿಗೆ ಎರಡೂ ಬೇರೆಬೇರೆಯಾಗಿ ಕೇಳಿಸಿದರೆ ಗೆದ್ದಿರಿ. ಪ್ರಾಸ ತಪ್ಪಿತೆಂದು ಬೀಗರು ಮುಖ ಊದಿಸಿಕೊಂಡರೆ ಊದಿಸಿಕೊಳ್ಳಲಿ. ಊಟಕ್ಕಂತೂ ಬಂದೇ ಬರುತ್ತಾರೆ.