ಕುಡುಗೋಲಿನ ಗಾಯಕ್ಕೆ ಗುಳಿಗೆ, ಜಾಲಿಮುಳ್ಳಿಗೆ ಪಿನ್ನು

ಮಾನ್ವಿ ಕಡೆ ತುಂಗಭದ್ರಾ ಎಡದಂಡೆ ನಾಲೆಯ ಗದ್ದೆಗಳಲ್ಲಿ ಬದುವಿನ ಹುಲ್ಲು ಕೊಯ್ಯುವಾಗ ಕುಡುಗೋಲು ಬೆರಳಿಗೆ ತಾಗುವುದು ಹೊಸದಲ್ಲ. ದೇವದುರ್ಗದ ಹತ್ತಿ ಹೊಲಗಳ ದಾರಿಯಲ್ಲಿ ಬಳ್ಳಾರಿ ಜಾಲಿಯ ಮುಳ್ಳು ಚಪ್ಪಲಿ ತೂರಿ ಅಂಗಾಲಿಗೆ ಇಳಿಯುತ್ತದೆ. ಕುಡುಗೋಲಿನ ಗಾಯದಿಂದ ರಕ್ತ ಧಾರಾಳವಾಗಿ ಸುರಿಯುತ್ತದೆ, ಮನೆಮಂದಿಗೆ ಗಾಬರಿ. ಔಷಧ ಅಂಗಡಿಯಿಂದ ನಾಲ್ಕು ಕ್ಯಾಪ್ಸೂಲ್ ಬರುತ್ತವೆ; ಒಂದನ್ನು ಬಿಚ್ಚಿ ಪುಡಿಯನ್ನು ಗಾಯಕ್ಕೇ ಉದುರಿಸುವವರೂ ಇದ್ದಾರೆ. ಮುಳ್ಳನ್ನಾದರೆ ಪಿನ್ನಿನಿಂದ ಕಿತ್ತು ಮತ್ತೆ ಕೆಲಸಕ್ಕೆ. ನನ್ನನ್ನು ಕೇಳಿದರೆ, ಭಯ ಪಡಬೇಕಾದದ್ದು ಎರಡನೆಯದಕ್ಕೆ.

ಕುಡುಗೋಲಿನ ಗಾಯ ಬಾಯಿ ತೆರೆದಿರುತ್ತದೆ, ತೊಳೆಯಲು ಸಿಗುತ್ತದೆ. ಒತ್ತಿ ಹಿಡಿದು ರಕ್ತ ನಿಲ್ಲಿಸಿ, ಕುಡಿಯುವ ನೀರನ್ನು ಹತ್ತು ನಿಮಿಷ ಧಾರೆಯಾಗಿ ಬಿಟ್ಟರೆ ಕೊಳೆಯ ಜೊತೆಗೆ ಬಹುಪಾಲು ಕ್ರಿಮಿಯೂ ಕೊಚ್ಚಿಹೋಗುತ್ತದೆ. ನಾಲೆಯ ನೀರು ಬೇಡ. ಕಡಿತವಲ್ಲದ ಸಾಧಾರಣ ಗಾಯಗಳ ಪ್ರಯೋಗಗಳನ್ನು ಒಟ್ಟುಗೂಡಿಸಿದ 1995ರ ವಿಶ್ಲೇಷಣೆಯೊಂದರಲ್ಲಿ, ಮುನ್ನೆಚ್ಚರಿಕೆಗೆಂದು ಕೊಟ್ಟ ಆ್ಯಂಟಿಬಯೋಟಿಕ್‌ನಿಂದ ಸೋಂಕು ಕಡಿಮೆಯಾದ ಪುರಾವೆ ಸಿಗಲಿಲ್ಲ.

ಮುಳ್ಳಿನ ತೂತು ಸಾಸಿವೆಯಷ್ಟು, ಆದರೆ ಆಳ. ಮೇಲೆ ಮುಚ್ಚಿಕೊಂಡುಬಿಡುತ್ತದೆ, ನೀರು ಒಳಗಿಳಿಯದು. ತುದಿ ಮುರಿದು ಉಳಿದಿದ್ದರೆ ಅದನ್ನು ತೆಗೆಯುವ ತನಕ ಎಂಥ ಗುಳಿಗೆಯೂ ಕೆಲಸಕ್ಕೆ ಬಾರದು. ಎರೆಮಣ್ಣು, ಸಗಣಿಯೊಂದಿಗೆ ಒಳಹೊಕ್ಕ ಧನುರ್ವಾಯುವಿನ ಕ್ರಿಮಿಗೆ ಗಾಳಿಯಾಡದ ಇಂಥ ಜಾಗವೇ ಬೇಕು. ಅದಕ್ಕೆ ರಕ್ಷಣೆ ಇಂಜೆಕ್ಷನ್, ಕ್ಯಾಪ್ಸೂಲ್ ಅಲ್ಲ. ನಾವು ಈಗಲೂ ಟಿಟಿ ಎನ್ನುವುದರ ಬದಲಿಗೆ ಸರ್ಕಾರಿ ಲಸಿಕೆ ಪಟ್ಟಿಯಲ್ಲಿ ಟಿಡಿ ಬಂದಿದೆ. ಹಿಂದಿನ ಡೋಸ್‌ಗಳೆಲ್ಲ ಆಗಿದ್ದರೂ, ಮಣ್ಣಾದ ಗಾಯವಾಗಿ ಕೊನೆಯದು ಹಾಕಿಸಿ ಐದು ವರ್ಷ ಕಳೆದಿದ್ದರೆ ಇನ್ನೊಂದು ಬೇಕು.

ಹಾಗೆಂದು ಆ್ಯಂಟಿಬಯೋಟಿಕ್ ಬೇಡವೇ ಬೇಡ ಎಂದಲ್ಲ. ಕೈಗೆ ನಾಯಿ ಕಚ್ಚಿದಾಗ, ಗಾಯದಡಿ ಮೂಳೆ ಮುರಿದಾಗ, ಸಗಣಿ ಮೆತ್ತಿದ ಆಳದ ಗಾಯವಾದಾಗ ವೈದ್ಯರು ಬರೆಯುತ್ತಾರೆ. ನಾಯಿ ಕಡಿತಕ್ಕೆ ಮೊದಲು ಹದಿನೈದು ನಿಮಿಷ ಸೋಪು-ನೀರು, ಆಮೇಲೆ ರೇಬೀಸ್ ಲಸಿಕೆ; ಗುಳಿಗೆ ಇವೆರಡಕ್ಕೂ ಬದಲಿಯಲ್ಲ. ಸಕ್ಕರೆ ಕಾಯಿಲೆಯವರ ಪಾದದ್ದು ಬೇರೆಯೇ ಕಥೆ: ನರ ಮರಗಟ್ಟಿರುವ ಕಾಲಿಗೆ ಮುಳ್ಳು ಚುಚ್ಚಿದ್ದೇ ತಿಳಿಯದು, ಕಾಲು ಬಾತಾಗಲೇ ಗೊತ್ತಾಗುವುದು.

ಪೆನ್ಸಿಲಿನ್ ಕಂಡುಹಿಡಿದ ಫ್ಲೆಮಿಂಗ್ 1945ರ ನೊಬೆಲ್ ಭಾಷಣದಲ್ಲೇ ಅರೆಬರೆ ಡೋಸ್ ಕ್ರಿಮಿಗಳನ್ನು ಗಟ್ಟಿ ಮಾಡುತ್ತದೆ ಎಂದಿದ್ದರು. ಚೀಟಿಯಿಲ್ಲದೆ ಕೊಂಡ ನಾಲ್ಕು ಕ್ಯಾಪ್ಸೂಲ್ ಮಾಡುವುದೂ ಅದನ್ನೇ. ಸ್ಟ್ರಿಪ್ ಮೇಲಿನ ಕೆಂಪು ಗೆರೆ ಇರುವುದು ವೈದ್ಯರ ಚೀಟಿಯಿಲ್ಲದೆ ಕೊಳ್ಳಬೇಡಿ ಎನ್ನಲು.

ಎರಡು-ಮೂರು ದಿನದಲ್ಲಿ ಗಾಯದ ಸುತ್ತ ಕೆಂಪು ಹರಡಿದರೆ, ಕೀವಾದರೆ, ಜ್ವರ ಬಂದರೆ ತಾಲ್ಲೂಕು ಆಸ್ಪತ್ರೆಗೆ ತೋರಿಸಿ. ಕೊಯ್ದುಕೊಂಡ ಬೆರಳು ಮಡಚಲು ಬಾರದಿದ್ದರೆ ಸ್ನಾಯುರಜ್ಜು ತುಂಡಾಗಿರಬಹುದು. ಅಂಥವರು ಕೀವಿಗೆ ಕಾಯದೆ ಅಂದೇ ರಾಯಚೂರಿನ ರಿಮ್ಸ್‌ಗೆ ಹೊರಡುವುದು ಒಳ್ಳೆಯದು.