ಉಸಿರಿನ ಯಂತ್ರ ಅಟ್ಟ ಸೇರುವ ಮುನ್ನ

ಸಿಪ್ಯಾಪ್ ಯಂತ್ರ ಕೊಂಡು ತಂದ ಮನೆಗಳಲ್ಲಿ ಮೊದಲ ಒಂದೆರಡು ವಾರದಲ್ಲೇ ಅದರ ಹಣೆಬರಹ ನಿರ್ಧಾರವಾಗಿಬಿಡುತ್ತದೆ. ಒಂದೋ ಅದು ಮಂಚದ ಪಕ್ಕದ ಸ್ಟೂಲಿನ ಮೇಲೆ ಕಾಯಂ ಆಗಿ ನೆಲೆಸುತ್ತದೆ, ಇಲ್ಲವೇ 'ಇದು ನನಗೆ ಒಗ್ಗುವುದಿಲ್ಲ' ಎಂಬ ಮಾತಿನೊಂದಿಗೆ ಅಟ್ಟ ಸೇರುತ್ತದೆ. ಅಷ್ಟೊಂದು ಹಣ ಕೊಟ್ಟು ತಂದದ್ದು ಧೂಳು ಹಿಡಿಯುವುದಕ್ಕೆ ಬಹಳ ಸಲ ಕಾರಣ ತೀರ ಸಣ್ಣದು: ಸರಿಹೊಂದದ ಮಾಸ್ಕು, ಒಣಗಿದ ಮೂಗು, ನಿದ್ದೆಯಲ್ಲಿ ತೆರೆದುಕೊಳ್ಳುವ ಬಾಯಿ. ಇವುಗಳಿಗೆಲ್ಲ ಪರಿಹಾರವಿದೆ.

ಜೋರು ಗೊರಕೆ ಎಂದರೆ ಗಾಢ ನಿದ್ರೆ ಎಂದು ನಮ್ಮಲ್ಲಿ ಅನೇಕರು ಇಂದಿಗೂ ನಂಬಿದ್ದಾರೆ. ಎಲ್ಲ ಗೊರಕೆಯೂ ರೋಗವಲ್ಲ, ನಿಜ. ಆದರೆ ಗೊರಕೆ ಇದ್ದಕ್ಕಿದ್ದಂತೆ ನಿಂತು, ಕೆಲವು ಕ್ಷಣ ಸದ್ದೇ ಇಲ್ಲದೆ, ನಂತರ ಉಸಿರುಗಟ್ಟಿದವರಂತೆ ಬೆಚ್ಚಿ ಮತ್ತೆ ಗೊರಕೆ ಶುರುವಾದರೆ ಎಚ್ಚರ ವಹಿಸಬೇಕು. ನಿದ್ರೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲಗೊಂಡು, ನಾಲಿಗೆಯ ಬುಡ ಹಿಂದಕ್ಕೆ ಜಾರಿ, ಗಾಳಿಯ ದಾರಿ ಮುಚ್ಚಿಕೊಳ್ಳುವ ಸ್ಥಿತಿಯೇ ಸ್ಲೀಪ್ ಆಪ್ನಿಯಾ. ಪ್ರತಿ ಸಲವೂ ಉಸಿರು 10 ಸೆಕೆಂಡು ಅಥವಾ ಅದಕ್ಕೂ ಹೆಚ್ಚು ಕಾಲ ನಿಲ್ಲುತ್ತದೆ, ಇಲ್ಲವೇ ತೀರ ಕ್ಷೀಣವಾಗುತ್ತದೆ. ಗಂಟೆಗೆ 5ಕ್ಕಿಂತ ಕಡಿಮೆ ಸಲ ಹೀಗಾದರೆ ಚಿಂತೆಯಿಲ್ಲ. 30 ಅಥವಾ ಅದಕ್ಕಿಂತ ಹೆಚ್ಚಾದರೆ ರೋಗ ತೀವ್ರವಾಗಿದೆ ಎಂದರ್ಥ. ರಾತ್ರಿಯಿಡೀ ಮಲಗಿದ್ದರೂ ಬೆಳಿಗ್ಗೆ ತಲೆನೋವು, ಹಗಲೆಲ್ಲ ತೂಕಡಿಕೆ, ಸಿಡುಕು, ಮಾತ್ರೆಗೆ ಬಗ್ಗದ ರಕ್ತದೊತ್ತಡ ಇದರ ಜೊತೆಗಾರರು. ವಿಚಿತ್ರವೆಂದರೆ ರೋಗಿಗೆ ಇದಾವುದೂ ಗೊತ್ತಿರುವುದಿಲ್ಲ. ಪಕ್ಕದಲ್ಲಿ ನಿದ್ದೆಗೆಟ್ಟು ಮಲಗಿದ ಹೆಂಡತಿಗೆ ಎಲ್ಲವೂ ಗೊತ್ತಿರುತ್ತದೆ.

ಈ ಯಂತ್ರವನ್ನು ಆಮ್ಲಜನಕದ ಯಂತ್ರವೆಂದು ತಿಳಿದು ಮನೆಮಂದಿ ಗಾಬರಿಯಾಗುವುದುಂಟು. ಅದು ಕೊಡುವುದು ನಿಮ್ಮ ಕೋಣೆಯ ಗಾಳಿಯನ್ನೇ. ಅದನ್ನು ಸೋಸಿ, ಹದವಾದ ಒತ್ತಡದಲ್ಲಿ ಮೂಗಿನ ಮೂಲಕ ಒಳಕ್ಕೆ ನೂಕಿ, ಕುಸಿಯುವ ಗಂಟಲನ್ನು ಒಳಗಿನಿಂದ ಆತು ಹಿಡಿಯುತ್ತದೆ, ಅಷ್ಟೆ. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಕಾಲಿನ್ ಸಲಿವನ್ ಎಂಬ ವೈದ್ಯರು ಮತ್ತು ಅವರ ಸಂಗಡಿಗರು ಐವರು ರೋಗಿಗಳ ಮೇಲೆ ಇದನ್ನು ಪ್ರಯೋಗಿಸಿ 1981ರಲ್ಲಿ ಪ್ರಕಟಿಸಿದರು. ಅಂದಿನ ಯಂತ್ರಗಳ ಗದ್ದಲ ಹೇಳತೀರದು. ಇಂದಿನವು ಪಿಸುಗುಟ್ಟುತ್ತವೆ.

ಆದರೆ ಇದು ಮಾತ್ರೆಯಂತಲ್ಲ. ಕನ್ನಡಕದ ಹಾಗೆ, ಹಾಕಿಕೊಂಡಷ್ಟು ಹೊತ್ತು ಮಾತ್ರ ಕೆಲಸ. ಹೃದ್ರೋಗ ಅಥವಾ ಪಾರ್ಶ್ವವಾಯುವಿನ ಹಿನ್ನೆಲೆಯಿದ್ದ 2,700ಕ್ಕೂ ಹೆಚ್ಚು ಜನರ ಮೇಲೆ ನಡೆದ, 2016ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ ಯಂತ್ರ ಪಡೆದವರು ಅದನ್ನು ಬಳಸಿದ್ದು ರಾತ್ರಿಗೆ ಸರಾಸರಿ 3.3 ಗಂಟೆ ಮಾತ್ರ. ಅವರ ಹಗಲಿನ ತೂಕಡಿಕೆ ತಗ್ಗಿತು, ಗೊರಕೆ ಇಳಿಯಿತು; ಹೃದಯಾಘಾತ, ಪಾರ್ಶ್ವವಾಯುಗಳು ಮಾತ್ರ ಕಡಿಮೆಯಾಗಲಿಲ್ಲ. ಯಂತ್ರ ಹೃದಯವನ್ನು ಕಾಪಾಡಿಯೇ ತೀರುತ್ತದೆಂದು ಮಾರುವವರು ಹೇಳಿದರೆ ಆ ಮಾತನ್ನು ಪೂರ್ತಿ ನಂಬಬೇಕಿಲ್ಲ. ರಾತ್ರಿಗೆ ಕನಿಷ್ಠ 4 ಗಂಟೆ ಎಂಬುದು ವೈದ್ಯರು ಲೆಕ್ಕಕ್ಕೆ ಇಟ್ಟುಕೊಂಡ ಗೆರೆ. ಮಲಗಿದಷ್ಟು ಹೊತ್ತೂ ಹಾಕಿಕೊಳ್ಳುವುದೇ ಸರಿ. ಹಗಲಿನ ನಿದ್ದೆಗೂ ಅದು ಬೇಕು.

ಹಗಲಲ್ಲೇ ಅಭ್ಯಾಸ

ಮೊದಲ ದಿನವೇ ರಾತ್ರಿಯಿಡೀ ಹಾಕಿಕೊಳ್ಳುತ್ತೇನೆಂದು ಹಟ ಹಿಡಿಯಬೇಡಿ. ಸಂಜೆ ಟಿವಿ ನೋಡುತ್ತಲೋ ಪತ್ರಿಕೆ ಓದುತ್ತಲೋ ಅರ್ಧ ಗಂಟೆ ಮಾಸ್ಕು ಹಾಕಿ ಕುಳಿತುಕೊಳ್ಳಿ. ಮೊದಲು ಗಾಳಿಯಿಲ್ಲದೆ ಮುಖಕ್ಕೆ ಹಿಡಿದು ನೋಡಿ, ನಂತರ ಗಾಳಿ ಬಿಡಿ, ಆಮೇಲೆ ಪಟ್ಟಿ ಬಿಗಿಯಿರಿ. ಮೊಮ್ಮಕ್ಕಳು 'ತಾತನಿಗೆ ಸೊಂಡಿಲು ಬಂತು' ಎಂದು ನಗುತ್ತಾರೆ. ನೀವೂ ನಕ್ಕುಬಿಡಿ, ಅರ್ಧ ಮುಜುಗರ ಅಲ್ಲಿಗೇ ಹೋಗುತ್ತದೆ. ಉಸಿರು ಕಟ್ಟಿದಂತಾಗುವವರಿಗೆ ಆರಂಭದಲ್ಲಿ ಕಡಿಮೆ ಒತ್ತಡ ಕೊಟ್ಟು ಮೆಲ್ಲಗೆ ಏರಿಸುವ ಸೌಲಭ್ಯ ಯಂತ್ರದಲ್ಲೇ ಇರುತ್ತದೆ. ಅದನ್ನು ಹೊಂದಿಸಿಕೊಡಲು ಕೇಳಿ. ಮುಖ ಮುಚ್ಚುವ ಮಾಸ್ಕು ಭಯ ಹುಟ್ಟಿಸಿದರೆ ಮೂಗಿನ ಹೊಳ್ಳೆಗಳಿಗಷ್ಟೇ ಆತುಕೊಳ್ಳುವ ಪುಟ್ಟ ಮಾಸ್ಕುಗಳಿವೆ. ಕೊಳ್ಳುವ ಮೊದಲು ಕೆಲವು ದಿನ ಬಾಡಿಗೆಗೆ ತಂದು ನೋಡಲು ಸಾಧ್ಯವೇ ಎಂದು ವಿಚಾರಿಸಿ.

ಮಾಸ್ಕನ್ನು ಕುಳಿತು ಹೊಂದಿಸಿದರೆ ಸಾಲದು. ಮಲಗಿದಾಗ ಮುಖದ ಮಾಂಸ ಸರಿಯುತ್ತದೆ, ಗಾಳಿ ಸೋರುತ್ತದೆ. ಆದ್ದರಿಂದ ಮಲಗಿಕೊಂಡು, ಗಾಳಿ ಬರುತ್ತಿರುವಾಗಲೇ ಪಟ್ಟಿ ಹೊಂದಿಸಬೇಕು. ಕಟ್ಟಿಸಿಕೊಂಡ ಹಲ್ಲಿನ ಸೆಟ್ಟನ್ನು ರಾತ್ರಿ ತೆಗೆದಿಡುವ ಹಿರಿಯರು ಅದನ್ನು ತೆಗೆದೇ ಮಾಸ್ಕಿನ ಅಳತೆ ಕೊಡಲಿ. ಸೋರಿಕೆಯೆಂದು ಪಟ್ಟಿಯನ್ನು ಬಿಗಿದಷ್ಟೂ ಮೂಗಿನ ಮೇಲೆ ಹುಣ್ಣಾಗುತ್ತದೆಯೇ ಹೊರತು ಸೋರಿಕೆ ನಿಲ್ಲುವುದಿಲ್ಲ. ಹಾಗಾದರೆ ಅಳತೆಯೇ ತಪ್ಪಿರಬಹುದು. ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ ಹಣೆಗೆ ಇಳಿದರೂ ಮಾಸ್ಕು ಜಾರುತ್ತದೆ. ಮಲಗುವ ಮುನ್ನ ಸೋಪು ಹಚ್ಚಿ ಮುಖ ತೊಳೆಯಿರಿ. ಮಾಸ್ಕು ತಾಗುವಲ್ಲಿ ವ್ಯಾಸಲೀನ್ ಬೇಡ. ದಪ್ಪ ಮೀಸೆಯವರು ಮೀಸೆ ತೆಗೆಯಬೇಕಿಲ್ಲ, ಮಾಸ್ಕಿನ ಬಗೆ ಬದಲಿಸಿದರೂ ಆದೀತು.

ಬೆಳಿಗ್ಗೆ ಬಾಯಿ ಒಣಗಿ ನಾಲಿಗೆ ಅಂಟಿಕೊಂಡಿದ್ದರೆ ನಿದ್ದೆಯಲ್ಲಿ ಬಾಯಿ ತೆರೆದಿತ್ತು ಎಂದೇ ಬಹುತೇಕ ಅರ್ಥ. ಮೂಗು ಕಟ್ಟಿದೆಯೇ ಎಂದು ಮೊದಲು ತೋರಿಸಿ. ಇಲ್ಲವಾದರೆ ಬಾಯಿಯನ್ನೂ ಮುಚ್ಚುವ ಮಾಸ್ಕು ಬೇಕಾದೀತು. ಹೊಟ್ಟೆ ಉಬ್ಬರಿಸಿ ತೇಗು ಬಂದರೆ ಗಾಳಿ ನುಂಗಿದ್ದೀರಿ. ಒತ್ತಡ ಮರುಹೊಂದಿಸಲು ವೈದ್ಯರನ್ನು ಕಾಣಿ. ನೀವೇ ಗುಂಡಿ ಒತ್ತಿ ಬದಲಿಸಬೇಡಿ.

ನೀರು, ಹೊಗೆ, ಕರೆಂಟು

ತೇವ ಕೊಡುವ ಪುಟ್ಟ ತೊಟ್ಟಿಗೆ ಬೋರ್‌ವೆಲ್ ನೀರು ಹಾಕಿದರೆ ಬಿಳಿ ಕರೆ ಕಟ್ಟುತ್ತದೆ. ಡಿಸ್ಟಿಲ್ಡ್ ವಾಟರ್ ಉತ್ತಮ. ಉಳಿದ ನೀರನ್ನು ದಿನವೂ ಬೆಳಿಗ್ಗೆ ಚೆಲ್ಲಿ, ತೊಟ್ಟಿಯನ್ನು ತೊಳೆದು ಒಣಗಿಸಿ. ಚಳಿಗಾಲದಲ್ಲಿ ಕೊಳವೆಯೊಳಗೆ ನೀರು ಹನಿಗಟ್ಟಿ ಮುಖಕ್ಕೆ ಸಿಡಿದರೆ ಕೊಳವೆಯನ್ನು ಹೊದಿಕೆಯೊಳಗೆ ಇಟ್ಟುಕೊಳ್ಳಿ, ಯಂತ್ರ ತಲೆಗಿಂತ ತಗ್ಗಿನಲ್ಲಿರಲಿ. ಸೊಳ್ಳೆಬತ್ತಿಯನ್ನು ಯಂತ್ರದ ಬಳಿ ಹಚ್ಚಲೇಬೇಡಿ. ಅದರ ಸೋಸುವ ಪಟ್ಟಿ ಧೂಳನ್ನು ತಡೆದೀತು, ಹೊಗೆಯನ್ನಲ್ಲ. ಸೊಳ್ಳೆಪರದೆ ಮೇಲು.

ರಾತ್ರಿ ಕರೆಂಟು ಹೋದರೆ ಉಸಿರು ನಿಂತೀತೆಂಬ ಹೆದರಿಕೆ ಬೇಡ. ಮಾಸ್ಕುಗಳಲ್ಲಿ ಗಾಳಿ ಹೊರಹೋಗುವ ರಂಧ್ರಗಳಿರುತ್ತವೆ, ಮೂಗು-ಬಾಯಿ ಎರಡನ್ನೂ ಮುಚ್ಚುವ ಮಾಸ್ಕಿನಲ್ಲಿ ಹೊರಗಾಳಿಗೆ ತೆರೆದುಕೊಳ್ಳುವ ಕವಾಟವೂ ಇರುತ್ತದೆ. ಆದರೂ ಎಚ್ಚರವಾದಾಗ ಮಾಸ್ಕು ತೆಗೆದುಬಿಡಿ. ಮನೆಯ ಯುಪಿಎಸ್‌ಗೆ ಯಂತ್ರ ಸೇರಿಸಿದರೆ ಈ ಕಿರಿಕಿರಿಯೇ ಇಲ್ಲ. ನೀರು ಬಿಸಿ ಮಾಡುವ ಭಾಗವನ್ನು ಆರಿಸಿದರೆ ಬ್ಯಾಟರಿ ಹೆಚ್ಚು ಹೊತ್ತು ಬರುತ್ತದೆ.

ಬಂಧುಗಳ ಹಳೆಯ ಯಂತ್ರವನ್ನು ಹಾಗೆಯೇ ಬಳಸಬೇಡಿ. ಅದರ ಒತ್ತಡ ಅವರ ಗಂಟಲಿಗೆ ಹೊಂದಿಸಿದ್ದು. ಅಲ್ಲದೆ ಒಳಗಿನ ಫೋಮ್ ಪುಡಿಯಾಗುವ ಅಪಾಯವಿದೆಯೆಂದು 2021ರ ಜೂನ್‌ನಲ್ಲಿ ಫಿಲಿಪ್ಸ್ ಕಂಪನಿ ಲಕ್ಷಗಟ್ಟಲೆ ಯಂತ್ರಗಳನ್ನು ಹಿಂದಕ್ಕೆ ಕರೆಸಿಕೊಂಡಿತ್ತು. ಹಳೆಯ ಯಂತ್ರ ಆ ಪೈಕಿಯದೇ ಎಂದು ನೋಡಿಕೊಳ್ಳಬೇಕು.

ಒಂದು ತಿಂಗಳಾದ ಮೇಲೆ ಯಂತ್ರದ ಮೆಮೊರಿ ಕಾರ್ಡನ್ನು ವೈದ್ಯರಿಗೆ ತೋರಿಸಿ. ಎಷ್ಟು ಗಂಟೆ ಬಳಸಿದಿರಿ, ಗಾಳಿ ಎಷ್ಟು ಸೋರಿತು, ಉಸಿರು ಎಷ್ಟು ಸಲ ನಿಂತಿತು ಎಲ್ಲವೂ ಅದರಲ್ಲಿ ದಾಖಲಾಗಿರುತ್ತದೆ. ಹಗಲು ತೂಕಡಿಕೆ ಪೂರ್ತಿ ಹೋಗುವವರೆಗೆ ವಾಹನ ಓಡಿಸಬೇಡಿ. ರಾತ್ರಿ ಗುಂಡು ಹಾಕುವವರಿಗೆ, ತಾವಾಗಿಯೇ ನಿದ್ರೆ ಮಾತ್ರೆ ನುಂಗುವವರಿಗೆ ಗಂಟಲು ಇನ್ನಷ್ಟು ಸಡಿಲವಾಗುತ್ತದೆಂಬುದು ನೆನಪಿರಲಿ. ತೂಕ ಸಾಕಷ್ಟು ಇಳಿದರೆ ಕೆಲವರಿಗೆ ಯಂತ್ರವೇ ಬೇಡವಾಗಬಹುದು. ಅದನ್ನು ಹೇಳಬೇಕಾದ್ದು ಮರುಪರೀಕ್ಷೆ. ಮುಂದೆ ಯಾವುದೇ ಶಸ್ತ್ರಚಿಕಿತ್ಸೆಗೆ ಆಸ್ಪತ್ರೆ ಸೇರುವಾಗ, ಅದು ಕಣ್ಣಿನ ಪೊರೆಯದೇ ಆಗಲಿ, ಅರಿವಳಿಕೆ ಕೊಡುವ ವೈದ್ಯರಿಗೆ ನಿಮ್ಮ ತೊಂದರೆಯನ್ನು ಮೊದಲೇ ತಿಳಿಸಿ, ಯಂತ್ರವನ್ನೂ ಜೊತೆಗೆ ಒಯ್ಯಿರಿ.